ಖಾಲಿ ಬಿಡಬೇಕಿದ್ದ ಎಂಟನೆಯ ಕೊಳವೆ

ಮೊನ್ನೆ, ರಥಸಪ್ತಮಿಯ ಹಿಂದಿನ ದಿನ, ಮಂಗಲಾ ವೈನಿಯವರ ಮನೆಗೆ ಅರಿಶಿನ-ಕುಂಕುಮಕ್ಕೆ ಹೋಗಿದ್ದೆ. ಬಿಬವೇವಾಡಿಯ ನಮ್ಮ ಸೊಸೈಟಿಯಲ್ಲಿ ಅವರದು ಮೂರನೆಯ ಮಹಡಿ, ನಮ್ಮದು ಎರಡನೆಯದು. ವೈನಿ ಎಂದರೆ ಅತ್ತಿಗೆ, ನಾವು ಒಬ್ಬರನ್ನೊಬ್ಬರು ಕರೆಯುವುದೇ ಹಾಗೆ. ಅವರು ಬೆಳಗಾವಿಯವರು. ಪುಣೆಗೆ ಬಂದು ಮೂವತ್ತು ವರ್ಷವಾಗಿದೆ, ಹಬ್ಬವನ್ನು ಅರ್ಧ ಮರಾಠಿ ಅರ್ಧ ಕನ್ನಡ ಮಾಡಿಕೊಂಡಿದ್ದಾರೆ. ಹಣೆಗೆ ಕುಂಕುಮ ಇಟ್ಟರು, ಗುಲಾಬಿ ನೀರು ಚಿಮುಕಿಸಿದರು, ಆಮೇಲೆ ಅತ್ತರಿನ ಶೀಸೆ ತೆರೆದು ಅದರೊಳಗಿನ ಗಾಜಿನ ಕಡ್ಡಿಯನ್ನು ಹಿಡಿದುಕೊಂಡು ನನ್ನ ಮುಖ ನೋಡಿದರು.

"ಇವತ್ತ ಲ್ಯಾಬಿಗೆ ಹೋಗೋದದ ಏನ್ರಿ?"

"ಇಲ್ರಿ, ರಜಾ ಹಾಕೇನಿ."

"ಹಂಗಾದ್ರ ಕೈ ತರ್ರಿ."

ಕೂತಿದ್ದ ಉಳಿದ ಹೆಂಗಸರಿಗೆ ಈ ಪ್ರಶ್ನೆ ಯಾಕೆಂದು ತಿಳಿಯಲಿಲ್ಲ, ನಾವೂ ಹೇಳಲಿಲ್ಲ. ಬಲಗೈಯ ಹಿಂಬದಿಗೆ ತಣ್ಣಗೆ ಒಂದು ಗೆರೆ ಎಳೆದರು. ಮೊಗರೆಯ, ಅಂದರೆ ದುಂಡುಮಲ್ಲಿಗೆಯ, ಘಮ ಮೂಗಿಗೆ ಬಡಿದಾಗ ನಾನು ಆ ಮನೆಯ ಸೋಫಾದ ಮೇಲಿರಲಿಲ್ಲ. ಕೆಲವು ವರ್ಷಗಳ ಹಿಂದಿನ ಒಂದು ಚಳಿಗಾಲದಲ್ಲಿ, ಎಂಟು ಗಾಜಿನ ಕೊಳವೆಗಳ ಮುಂದೆ ನಿಂತಿದ್ದೆ.

ನಾನು ಒಂದು ಪ್ರಯೋಗಾಲಯದಲ್ಲಿ ಟೆಕ್ನಿಶಿಯನ್. ಧಾರವಾಡದಲ್ಲಿ ಬಿಎಸ್ಸಿ ಮುಗಿಸಿ, ಮದುವೆಯಾಗಿ ಪುಣೆಗೆ ಬಂದವಳು. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಅದೇ ಮೇಜು, ಅದೇ ಕಿಟಕಿ. ನೀರಿನಲ್ಲಿ, ಹಾಲಿನಲ್ಲಿ, ತರಕಾರಿಯಲ್ಲಿ ಇರಬಾರದ್ದು ಎಷ್ಟಿದೆ ಎಂದು ಅಳೆಯುವುದು ನಮ್ಮ ದಿನದ ಕೆಲಸ. ಸಮುದ್ರವೇ ಇಲ್ಲದ ಈ ಊರಿಗೆ ಆ ವರ್ಷ ಕಡಲಾಮೆಯ ತತ್ತಿಗಳು ಬಂದದ್ದು ನಯನಾಳಿಂದ. ಅವಳು ಹಾಸನದ ಹುಡುಗಿ. ಪಿಎಚ್‌ಡಿಗೆಂದು ನಮ್ಮ ಸರ್ ಕೈಕೆಳಗೆ ಸೇರಿದ್ದಳು. ವಿಮಾನ ನಗರದಲ್ಲಿ ಕಂಪ್ಯೂಟರ್ ಕೆಲಸದ ಮೂವರು ಗೆಳತಿಯರ ಜೊತೆ ರೂಮು ಮಾಡಿಕೊಂಡಿದ್ದಳು. ಅವರೆಲ್ಲ ಸಂಜೆ ಮಾಲಿಗೆ ಹೋದರೆ ಇವಳು ಆಮೆ, ಆಮೆ ಎನ್ನುತ್ತ ನನ್ನ ತಲೆ ತಿನ್ನುತ್ತಿದ್ದಳು.

"ಮೇಡಂ, ಆಮೆ ಮರಿ ಗಂಡಾಗುತ್ತೋ ಹೆಣ್ಣಾಗುತ್ತೋ ಅನ್ನೋದು ಮರಳಿನ ಬಿಸಿ ಮೇಲೆ ಡಿಪೆಂಡ್ ಆಗುತ್ತೆ. ಗೂಡು ಬೆಚ್ಚಗಿದ್ರೆ ಹೆಣ್ಣು, ತಣ್ಣಗಿದ್ರೆ ಗಂಡು. ಆದ್ರೆ ಬಿಸಿ ತಾನಾಗೇ ಏನೂ ಮಾಡಲ್ಲ. ಒಳಗೆ ಕೆಲಸ ಮಾಡೋದು ಹಾರ್ಮೋನು."

"ಮತ್ತ ನೀ ಏನ್ ಹುಡುಕಲಿಕತ್ತೀಯವಾ?"

"ಹಾರ್ಮೋನಿನ ವೇಷ ಹಾಕ್ಕೊಂಡು ಬರೋ ಕಳ್ಳರನ್ನ."

ಅವಳು ಹೇಳಿದ ಕಳ್ಳರು ನನಗೆ ಹೊಸಬರಲ್ಲ. ಕೀಟನಾಶಕದ ಉಳಿಕೆ, ಪ್ಲಾಸ್ಟಿಕ್ಕನ್ನು ಮೆತ್ತಗಿಡುವ ಥ್ಯಾಲೇಟ್ ಎಂಬ ಎಣ್ಣೆಯಂಥ ರಾಸಾಯನಿಕ, ಇವನ್ನೆಲ್ಲ ನಾನು ಹಾಲಿನಲ್ಲೇ ಕಂಡಿದ್ದೆ. ಇವುಗಳಲ್ಲಿ ಕೆಲವು ಮೈಯೊಳಗೆ ಹೋಗಿ ಹೆಣ್ಣಿನ ಹಾರ್ಮೋನು ಮಾಡುವ ಕೆಲಸವನ್ನೇ ನಟಿಸುತ್ತವೆ, ಕೆಲವು ಗಂಡಿನ ಹಾರ್ಮೋನಿಗೆ ಅಡ್ಡ ಬರುತ್ತವೆ. ತಾಯಿ ಆಮೆ ವರ್ಷಗಟ್ಟಲೆ ಸಮುದ್ರದಲ್ಲಿ ತಿಂದುಂಡದ್ದು ಅದರ ಕೊಬ್ಬಿನಲ್ಲಿ ಕೂಡಿರುತ್ತದೆ. ತತ್ತಿಗೆ ಹಳದಿ ಕಟ್ಟುವಾಗ ಆ ಕೊಬ್ಬೇ ಕರಗಿ ಮಕ್ಕಳ ಪಾಲಿಗೆ ಹೋಗುತ್ತದೆ. ಇನ್ನೂ ಗಂಡೂ ಅಲ್ಲದ ಹೆಣ್ಣೂ ಅಲ್ಲದ ಒಂದು ಜೀವ, ಅದಕ್ಕೆ ಮರಳು ಒಂದು ಹೇಳುತ್ತಿದೆ, ತಾಯಿಯ ಹಳದಿ ಇನ್ನೊಂದು ಹೇಳುತ್ತಿದೆ. ನಾನು ಎರಡು ಹೆತ್ತವಳು. ಆ ಮಾತು ಕೇಳಿದ ದಿನ ಊಟ ರುಚಿಸಲಿಲ್ಲ.

ಕೊಂಕಣದ ತೀರದಲ್ಲಿ ಮರಿಗಳೆಲ್ಲ ಹೊರಬಂದ ಮೇಲೆ ಗೂಡಿನಲ್ಲಿ ಒಡೆಯದೆ ಉಳಿದ ತತ್ತಿಗಳನ್ನು ಮಾತ್ರ ತೆಗೆದುಕೊಳ್ಳಲು ಅರಣ್ಯ ಇಲಾಖೆ ಒಪ್ಪಿಗೆ ಕೊಟ್ಟಿತ್ತು. ಆ ಕಾಗದಕ್ಕೇ ನಯನಾಳ ಒಂದೂವರೆ ವರ್ಷ ಹೋಗಿತ್ತು. ಫೆಬ್ರವರಿಯಲ್ಲಿ ಸಮಿತಿಯ ಮುಂದೆ ಅವಳು ಏನಾದರೂ ತೋರಿಸಬೇಕಿತ್ತು. ತೋರಿಸದಿದ್ದರೆ ಅವಳ ವಿದ್ಯಾರ್ಥಿವೇತನ ನಿಲ್ಲುತ್ತದೆ, ಅವಳು ಹಾಸನದ ಬಸ್ಸು ಹತ್ತಬೇಕು. ಇದು ನಮ್ಮ ಲ್ಯಾಬಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ಈ ಕೆಲಸದ ದೊಡ್ಡ ಕಿರಿಕಿರಿ ಎಂದರೆ, ನಾವು ಹುಡುಕುವ ಕಳ್ಳ ನಮ್ಮ ಮನೆಯಲ್ಲೇ ಇದ್ದಾನೆ. ಪ್ಲಾಸ್ಟಿಕ್ಕು ಎಲ್ಲಿಲ್ಲ? ಪ್ಲಾಸ್ಟಿಕ್ ಕೊಳವೆಯಲ್ಲಿ ತತ್ತಿ ಹಾಕಿದರೆ ಕೊಳವೆಯ ರಾಸಾಯನಿಕವೇ ತತ್ತಿಗೆ ಇಳಿದು, ಆಮೆಯ ಮೇಲೆ ಸುಳ್ಳು ಆರೋಪ ಬರುತ್ತದೆ. ಅದಕ್ಕೆ ಎಲ್ಲವೂ ಗಾಜು. ಆ ಗಾಜನ್ನೂ ಒಲೆಯಲ್ಲಿ ಸುಟ್ಟು ಶುದ್ಧ ಮಾಡಬೇಕು. ಜೊತೆಗೆ ಒಂದು ನಿಯಮ: ಪ್ರತಿ ಸರತಿಯಲ್ಲೂ ಒಂದು ಕೊಳವೆಯನ್ನು ಖಾಲಿ ಬಿಡಬೇಕು. ಅದಕ್ಕೆ ತತ್ತಿ ಹಾಕದೆ, ಉಳಿದ ಕೊಳವೆಗಳಿಗೆ ಮಾಡಿದ ಎಲ್ಲ ಉಪಚಾರವನ್ನೂ ಮಾಡಬೇಕು. ಆ ಖಾಲಿ ಕೊಳವೆಯಲ್ಲಿ ಏನಾದರೂ ಕಂಡರೆ ಅದು ಆಮೆಯದಲ್ಲ, ನಮ್ಮದು.

ನಾನು ಈ ವಿಷಯದಲ್ಲಿ ಸೊಸೆಗೆ ಮಡಿ ಕಲಿಸುವ ಅತ್ತೆಯ ಹಾಗೆ ಆಗಿದ್ದೆ. ನಯನಾಳ ಕೈಯ ಪ್ಲಾಸ್ಟಿಕ್ ಪಟ್ಟಿ ಬಿಚ್ಚಿಸಿದೆ. ಅವಳ ಹ್ಯಾಂಡ್ ಕ್ರೀಮನ್ನು ಹೊರಗಿನ ಕಪಾಟಿಗೆ ಕಳಿಸಿದೆ. ಪೆನ್ನು ಕಸಿದು ಪೆನ್ಸಿಲ್ ಕೊಟ್ಟೆ. "ಏನ್ ಮೇಡಂ, ನಾನು ಉಸಿರಾಡಬಹುದಾ?" ಎಂದು ಅವಳು ಕೇಳಿದರೆ, "ಆಡವಾ, ಆದ್ರ ಟ್ಯೂಬಿನ ಕಡೆ ಬ್ಯಾಡ" ಎನ್ನುತ್ತಿದ್ದೆ. ಹೋಲಿಸಿ ನೋಡಲು ಕೋಳಿ ತತ್ತಿ ಬೇಕು ಎಂದಾಗ ಜೀವಮಾನದಲ್ಲಿ ಮೊದಲ ಸಲ ಅಂಗಡಿಯಲ್ಲಿ ನಿಂತು ಅರ್ಧ ಡಜನ್ ಕೊಂಡೆ. ಮಂಗಲಾ ವೈನಿ ಹಿಂದೆಯೇ ಇದ್ದರು.

"ಏನ್ರಿ ವೈನಿ, ಸುರು ಮಾಡೇಬಿಟ್ರೇನು?"

"ಆಫೀಸಿಗ್ರಿ."

"ಹೌದ್ರಿ ಹೌದ್ರಿ, ಎಲ್ಲಾರೂ ಮೊದಲ ಆಫೀಸಿಗೇ ಅಂತಾರ."

ಜನವರಿಯ ಕೊನೆಯ ಶನಿವಾರ ಮಂಗಲಾ ವೈನಿಯವರಲ್ಲಿ ಅರಿಶಿನ-ಕುಂಕುಮವಿತ್ತು. ಅದೇ ಬೆಳಿಗ್ಗೆ ಲ್ಯಾಬಿನಲ್ಲಿ ನಯನಾ ಒಬ್ಬಳೇ ಕೋಳಿ ತತ್ತಿಗಳನ್ನೂ ಒಂದು ಖಾಲಿ ಕೊಳವೆಯನ್ನೂ ಮುಗಿಸಿ ಇಟ್ಟಿದ್ದಳು. ಆಮೆಯ ತತ್ತಿಗಳು ಭಾನುವಾರ ಬರಬೇಕಿತ್ತು. ನಾನು ರೇಶ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ನೆನೆಸಿದ ಕಡಲೆ, ಬೋರೆಹಣ್ಣು, ಗಜ್ಜರಿಯ ತುಂಡು ಉಡಿಯಲ್ಲಿ ಹಾಕಿಸಿಕೊಂಡು, ಕೈಗೆ ಅತ್ತರು ಹಚ್ಚಿಸಿಕೊಂಡು, ಆ ವರ್ಷದ ವಾಣವೆಂದು, ಅಂದರೆ ಬಂದವರಿಗೆಲ್ಲ ಕೊಡುವ ಉಡುಗೊರೆಯೆಂದು, ಕೊಟ್ಟ ಹಸಿರು ಪ್ಲಾಸ್ಟಿಕ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಗ ಫೋನು ಬಂತು.

"ಮೇಡಂ, ಬಾಕ್ಸ್ ಇವತ್ತೇ ಬಂದ್ಬಿಡ್ತು. ಐಸೆಲ್ಲ ಘಾಟ್ ಹತ್ತೋವಾಗ್ಲೇ ಕರಗಿದೆ. ನಾನೇ ಓಪನ್ ಮಾಡಿ ಶುರು ಮಾಡ್ಲಾ?"

ಮಾಡು ಎಂದಿದ್ದರೆ ಸಾಕಿತ್ತು. ಅವಳಿಗೆ ಬರುತ್ತಿತ್ತು. ಆದರೆ ನನಗೆ ನನ್ನ ಕೈಯ ಮೇಲೆ ಭಾರಿ ಅಭಿಮಾನ. "ನೀ ಮುಟ್ಟಬ್ಯಾಡ. ಕಡಲಾಮಿ ತತ್ತಿ ದಿನಾ ಬರಂಗಿಲ್ಲ. ನಾ ಬರ್ತೀನಿ" ಎಂದು ರಿಕ್ಷಾ ಹಿಡಿದೆ. ಲ್ಯಾಬಿನ ಬಾಗಿಲಲ್ಲಿ ಹಸಿರು ಡಬ್ಬಿಯ ನೆನಪಾಯಿತು. ಪ್ಲಾಸ್ಟಿಕ್ ಒಳಗೆ ಹೋಗಬಾರದಲ್ಲ, ವಾಚ್‌ಮನ್ ಕೈಯಲ್ಲಿ ಕೊಟ್ಟು ಜೋಪಾನ ಎಂದೆ. ಮುಡಿದ ಹೂವನ್ನೂ ತೆಗೆದಿಟ್ಟೆ. ಮೂರು ಸಲ ಕೈ ತೊಳೆದೆ. ಎಷ್ಟು ಎಚ್ಚರದ ಹೆಂಗಸು ನಾನು ಎಂದು ಒಳಗೊಳಗೇ ಹಿಗ್ಗಿದ್ದು ಈಗಲೂ ನೆನಪಿದೆ.

ತತ್ತಿಗಳು ದುಂಡಗೆ, ಬೆಳ್ಳಗೆ, ಚೆಂಡಿನಂತಿದ್ದವು. ಕೋಳಿ ತತ್ತಿಯ ಹಾಗೆ ಒಡೆಯುವುದಿಲ್ಲ, ಒತ್ತಿದರೆ ತೊಗಲಿನಂತೆ ತಗ್ಗುತ್ತವೆ. ಎಂಟು ತತ್ತಿ ಚೆನ್ನಾಗಿದ್ದವು. ಸುಟ್ಟು ತಯಾರಿದ್ದ ಕೊಳವೆಗಳೂ ಎಂಟೇ. ಏಳು ತತ್ತಿ ಹಾಕಿ ಒಂದು ಕೊಳವೆ ಖಾಲಿ ಬಿಡಬೇಕಿತ್ತು. ನಾನು ಎಂಟನೆಯ ತತ್ತಿಯನ್ನು ಕೈಯಲ್ಲಿ ಹಿಡಿದು ನಿಂತೆ. ನೆರೆಮನೆಯ ಡಬ್ಬಿಯನ್ನು ಖಾಲಿ ಮರಳಿಸಬಾರದು, ಏನಿಲ್ಲವೆಂದರೂ ನಾಲ್ಕು ಕಾಳು ಸಕ್ಕರೆ ಹಾಕಿ ಕೊಡಬೇಕು ಎಂದು ಕೇಳುತ್ತ ಬೆಳೆದವಳು. ಇಷ್ಟು ದೂರದಿಂದ ಬಂದ ತತ್ತಿಯನ್ನು ಚೆಲ್ಲಿ, ಕೊಳವೆಯನ್ನು ಖಾಲಿ ಬಿಡುವುದು ನನ್ನ ಕೈಲಾಗಲಿಲ್ಲ.

"ಬೆಳಿಗ್ಗೆ ನೀ ಒಂದ ಖಾಲಿ ಬಿಟ್ಟೀಯಲ್ಲ, ಅದನ್ನ ಲೆಕ್ಕಕ್ಕ ಹಿಡೀಲಿಕ್ಕೆ ಬರ್ತದ" ಎಂದೆ.

ನಯನಾ ಒಂದು ಗಳಿಗೆ ನೋಡಿದಳು. ಇಪ್ಪತ್ತು ವರ್ಷದ ಅನುಭವದವಳಿಗೆ ಇಪ್ಪತ್ತಾರರ ಹುಡುಗಿ ಏನು ಹೇಳಿಯಾಳು? ತಲೆಯಾಡಿಸಿದಳು. ಕೈಗವಸು ಹಾಕಿಕೊಂಡರೆ ನನಗೆ ಸೂಕ್ಷ್ಮ ಕೆಲಸ ಆಗುವುದಿಲ್ಲ. ಬರಿಗೈಯಲ್ಲೇ, ಬಾಗಿ, ಒಂದೊಂದೇ ಹಳದಿಯನ್ನು ತೂಗಿ, ಗಾಜಿನ ಒರಳಿನಲ್ಲಿ ಅರೆದು, ದ್ರಾವಕ ಹಾಕಿ ಅಲ್ಲಾಡಿಸಿದೆ. ಏಳೂವರೆಗೆ ಮುಗಿಯಿತು. ಹೊರಡುವಾಗ ವಾಚ್‌ಮನ್‌ನಿಂದ ನನ್ನ ಡಬ್ಬಿ ಮರೆಯದೆ ಇಸಿದುಕೊಂಡೆ.

ಹತ್ತು ದಿನಕ್ಕೆ ಯಂತ್ರದ ಫಲಿತಾಂಶ ಬಂತು. ರಾಸಾಯನಿಕ ಇದ್ದಲ್ಲಿ ಯಂತ್ರದ ಗೆರೆ ಮೇಲೇಳುತ್ತದೆ. ಕೋಳಿ ತತ್ತಿಯ ಗೆರೆ ಚಪ್ಪಟೆ. ಖಾಲಿ ಕೊಳವೆಯದೂ ಚಪ್ಪಟೆ. ಆಮೆಯ ಎಂಟೂ ತತ್ತಿಗಳಲ್ಲಿ ಒಂದೇ ಜಾಗದಲ್ಲಿ ಗೋಪುರದಂಥ ಏರು. ಎಲ್ಲ ರೀತಿಯಿಂದಲೂ ಸುಂದರ ಫಲಿತಾಂಶ. ನಯನಾ ಪೇಢಾ ತಂದು ಇಡೀ ಮಹಡಿಗೆ ಹಂಚಿದಳು. ಸರ್ ಎರಡು ಪೇಢಾ ತಿಂದು, ಮರಾಠಿಯಲ್ಲಿ, ಸಮಿತಿಯವರ ಬಾಯಿ ಮುಚ್ಚುತ್ತದೆ ಬಿಡು ಎಂದರು. ನಾನು ಅವಳ ಹಿಂದೆ ನಿಂತು ಪರದೆ ನೋಡುತ್ತಿದ್ದೆ.

"ಇದ್ಯಾವ ಕಳ್ಳ?" ಎಂದು ಕೇಳಿದೆ.

"ಥ್ಯಾಲೇಟ್ ಫ್ಯಾಮಿಲಿ ಮೇಡಂ. ಆದ್ರೆ ಪ್ಲಾಸ್ಟಿಕ್‌ದಲ್ಲ, ಅದೇ ಆಶ್ಚರ್ಯ. ಇದು ಸೆಂಟು, ಸೋಪುಗಳದು. ವಾಸನೆ ಬೇಗ ಹಾರಿಹೋಗದೇ ಇರ್ಲಿ ಅಂತ ಹಾಕ್ತಾರಲ್ಲ, ಅದು."

ಬಾಯಿಯಲ್ಲಿದ್ದ ಪೇಢಾ ಅಲ್ಲೇ ಉಳಿಯಿತು. ಬಲಗೈ ತಾನಾಗಿ ಮೂಗಿನ ಕಡೆ ಹೋಯಿತು. ಹತ್ತು ದಿನದ ಮೇಲೆ ಅಲ್ಲಿ ಏನೂ ಇರಲಿಲ್ಲ, ಆದರೂ ನನಗೆ ಮೊಗರೆ ಘಮಿಸಿತು.

ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ, ಆದರೆ ಬರೆಯಲೇಬೇಕು. ಗೊತ್ತಿದ್ದವಳು ನಾನೊಬ್ಬಳೇ. ಅಂದು ಬೆಳಿಗ್ಗೆ ನಯನಾ ಮಾಡಿಟ್ಟ ಖಾಲಿ ಕೊಳವೆ ಶುದ್ಧವಾಗಿದೆ, ಕಾಗದದಲ್ಲಿ ಎಲ್ಲೂ ತಪ್ಪಿಲ್ಲ. ಸುಮ್ಮನಿದ್ದರೆ ಹುಡುಗಿಯ ವರ್ಷ ಉಳಿಯುತ್ತದೆ. ನಿಜ ಹೇಳಿದರೆ ಅವಳದೂ ಹೋಗುತ್ತದೆ, ನನ್ನ ಇಪ್ಪತ್ತು ವರ್ಷದ ಹೆಸರೂ ಹೋಗುತ್ತದೆ. ಇಷ್ಟಕ್ಕೂ ಸಮುದ್ರದಲ್ಲಿ ಈ ವಿಷ ಇಲ್ಲವೇನು, ಇದ್ದೇ ಇರುತ್ತದೆ, ನಾನು ಸುಳ್ಳೇನೂ ಸೇರಿಸಿಲ್ಲ ಎಂದು ಅಡುಗೆ ಮನೆಯಲ್ಲಿ ನಿಂತು ನನಗೆ ನಾನೇ ವಕಾಲತ್ತು ಮಾಡಿಕೊಂಡೆ. ರೊಟ್ಟಿ ಹೊತ್ತಿದವು. ಅತ್ತರಿನಿಂದಲೇ ಬಂತೆಂದು ಏನು ಗ್ಯಾರಂಟಿ ಎಂಬ ಆಸೆಯೊಂದು ಮಾತ್ರ ಉಳಿಯಿತು. ಅದನ್ನು ಪರೀಕ್ಷಿಸಲು ನನಗೆ ಬರುತ್ತಿತ್ತು.

ಐದನೆಯ ದಿನ ಬೆಳಿಗ್ಗೆ ಮೂರನೆಯ ಮಹಡಿಗೆ ಹೋದೆ.

"ವೈನಿ, ಅವತ್ತಿನ ಅತ್ತರ ಸ್ವಲ್ಪ ಹಚ್ಚರಿ."

"ಹಬ್ಬಾ ಮುಗಿದು ಹೋತಲ್ರಿ. ಯಾಕ ಬೇಕಾಗಿತ್ತು?"

"ಆಮ್ಯಾಲ ಹೇಳ್ತೀನ್ರಿ."

ನನ್ನ ಮುಖದಲ್ಲಿ ಏನು ಕಂಡರೋ, ಮತ್ತೆ ಕೇಳದೆ ಅದೇ ಕಡ್ಡಿಯಿಂದ ಅದೇ ಜಾಗಕ್ಕೆ ಹಚ್ಚಿದರು. ಲ್ಯಾಬಿಗೆ ಹೋಗಿ ಮೂರು ಸಲ ಕೈ ತೊಳೆದೆ. ಒಂದು ಕೊಳವೆ ತೆಗೆದುಕೊಂಡು, ತತ್ತಿಯೇ ಇಲ್ಲದೆ, ಆ ಶನಿವಾರ ಮಾಡಿದ್ದನ್ನೆಲ್ಲ ಮಾಡಿದೆ. ಬಾಗಿದೆ, ಅರೆದೆ, ಅಲ್ಲಾಡಿಸಿದೆ. ಒಂದೇ ಕೊಳವೆಯಾದ್ದರಿಂದ ಅಂದೇ ಮಧ್ಯಾಹ್ನ ಯಂತ್ರ ಗೆರೆ ಎಳೆಯಿತು. ಅದೇ ಜಾಗ, ಅದೇ ಗೋಪುರ. ಖಾಲಿ ಕೊಳವೆಯಲ್ಲಿ ಇದ್ದದ್ದು ನಾನು.

ಸಮಿತಿಗೆ ಇನ್ನು ಎರಡೇ ದಿನವಿತ್ತು. ನಯನಾಳನ್ನು ಕ್ಯಾಂಟೀನಿಗೆ ಕರೆದು, ಕಾಗದವನ್ನು ಮುಂದಿಟ್ಟು ಎಲ್ಲ ಹೇಳಿದೆ. ಅವಳು ಬಹಳ ಹೊತ್ತು ಆ ಕಾಗದವನ್ನೇ ನೋಡಿದಳು. ಚಹಾದ ಮೇಲೆ ಕೆನೆ ಕಟ್ಟಿತು.

"ಕೈ ತೊಳೆದಿದ್ರಾ ಮೇಡಂ?"

"ಮೂರು ಸಲ."

"ನನ್ನ ಪೆನ್ ಕಿತ್ಕೊಂಡ್ರಿ ನೀವು." ಅವಳ ದನಿ ಏರಲಿಲ್ಲ. ಏರಿದ್ದರೆ ತಡೆದುಕೊಳ್ಳುತ್ತಿದ್ದೆ. "ಖಾಲಿ ಬಿಡೋಣ ಅಂತ ನನ್ನ ಬಾಯಿಗೆ ಬಂದಿತ್ತು. ನೀವು ಅಂತ ಸುಮ್ನಾದೆ."

"ಸರ್‌ಗೆ ನಾನ ಹೇಳ್ತೀನಿ, ತಪ್ಪು ನಂದು" ಎಂದೆ. ಅವಳು ಎದ್ದು ಹೋದಳು. ಸರ್ ಎಲ್ಲ ಕೇಳಿ, ಕನ್ನಡಕ ತೆಗೆದು ಒರೆಸಿ, ಲ್ಯಾಬಿನ ದಾಖಲೆ ಪುಸ್ತಕವನ್ನು ನನ್ನ ಕಡೆ ತಳ್ಳಿದರು. ನಡೆದದ್ದನ್ನು ನನ್ನ ಕೈಯಿಂದಲೇ ಬರೆಯಬೇಕು, ಅಷ್ಟೇ ಅಂದರು. ಬರೆದೆ. ಅತ್ತರು ಎಂಬ ಮಾತು ಆ ಪುಸ್ತಕದಲ್ಲಿ ಅದೇ ಮೊದಲು ಬಂದಿರಬೇಕು.

ಸಮಿತಿಯ ದಿನ ನಾನು ಹೊರಗೆ ಕೂತಿದ್ದೆ. ನಯನಾ ತಾನೇ ನಿಂತು, ಈ ಎಂಟು ಫಲಿತಾಂಶಗಳನ್ನು ಕೈಬಿಡುತ್ತಿದ್ದೇನೆ ಎಂದು ಕಾರಣ ಸಮೇತ ಹೇಳಿದಳಂತೆ. ಒಬ್ಬರು ನಕ್ಕರಂತೆ. ಇನ್ನೊಬ್ಬರು, ತಾವಾಗಿಯೇ ಬಂದು ಹೀಗೆ ಹೇಳಿದವರನ್ನು ಕಂಡಿಲ್ಲ ಎಂದು ಮಳೆಗಾಲದವರೆಗೆ ಸಮಯ ಕೊಡಿಸಿದರಂತೆ. ಹೊರಗೆ ಬಂದವಳು ನನ್ನನ್ನು ದಾಟಿ ನಾಲ್ಕು ಹೆಜ್ಜೆ ಹೋಗಿ, ತಿರುಗಿ ನಿಂತಳು.

"ಮಾರ್ಚ್‌ನಲ್ಲಿ ಕಡೇ ಗೂಡುಗಳ ಮೊಟ್ಟೆ ಒಡೆಯುತ್ತಂತೆ, ಒಡೀದೆ ಉಳಿದಿದ್ದನ್ನ ತರಬೇಕು. ಈ ಸಲ ನೀವೂ ಬನ್ನಿ. ಪೌಡರ್ ಕೂಡ ಬೇಡ."

ಹೋದೆ. ತಲೆಗೆ ಎಣ್ಣೆಯಿಲ್ಲ, ಮುಖಕ್ಕೆ ಪೌಡರಿಲ್ಲ, ವಾಸನೆಯ ಸೋಪಿಲ್ಲ, ಕಡಲೆ ಹಿಟ್ಟಿನಲ್ಲಿ ಸ್ನಾನ ಮಾಡಿ. ಘಾಟು ಇಳಿದು ತೀರ ಮುಟ್ಟಿದಾಗ ಬೆಳಕು ಹರಿಯುತ್ತಿತ್ತು. ಊರಿನವರು ಬಲೆಯ ಬೇಲಿಯೊಳಗೆ ಕಾಯ್ದಿದ್ದ ಗೂಡಿನಿಂದ ಮರಿಗಳು ಬಂದಿದ್ದವು. ಅಂಗೈಯಲ್ಲಿ ಹಿಡಿಸುವಷ್ಟು, ಕಪ್ಪಗೆ, ಮರಳು ಮೆತ್ತಿಕೊಂಡು. ಬುಟ್ಟಿಯಿಂದ ಬಿಟ್ಟ ಕೂಡಲೇ ಯಾರೂ ದಾರಿ ತೋರಿಸದೆ ನೀರಿನ ಕಡೆ ನಡೆದವು. ಒಂದು ನನ್ನ ಚಪ್ಪಲಿಗೆ ಎಡವಿ, ಸುತ್ತು ಹಾಕಿ ಮುಂದೆ ಹೋಯಿತು.

"ಇದು ಗಂಡೇನು, ಹೆಣ್ಣೇನವಾ?"

"ನೋಡಿ ಹೇಳಕ್ಕಾಗಲ್ಲ ಮೇಡಂ. ತುಂಬ ವರ್ಷ ಆಗ್ಬೇಕು. ಅಷ್ಟರಲ್ಲಿ ನಾವು ಎಲ್ಲಿರ್ತೀವೋ."

ಅವಳು ಅಂದಿನಿಂದ ಮತ್ತೆ ನನ್ನೊಡನೆ ಮೊದಲಿನಂತೆ ಮಾತಾಡತೊಡಗಿದಳು. ನಾನು ಸಮುದ್ರದ ಕಡೆ ಮುಖ ಮಾಡಿ ಸ್ವಲ್ಪ ಅತ್ತೆ.

ಎರಡನೆಯ ಸರತಿಯಲ್ಲಿ ತತ್ತಿಗಳನ್ನು ನಯನಾ ಮುಟ್ಟಿದಳು. ನಾನು ನಾಲ್ಕು ಅಡಿ ದೂರ ನಿಂತು, ಅವಳು ಕೇಳಿದ್ದನ್ನು ಓದಿ ಹೇಳಿದೆ ಅಷ್ಟೆ. ಖಾಲಿ ಕೊಳವೆ ಒಂದಲ್ಲ, ಎರಡು ಬಿಟ್ಟೆವು. ತತ್ತಿಗಳನ್ನು ಮುಟ್ಟಿದ ಕೈಯೇ, ಅದೇ ಹೊತ್ತಿನಲ್ಲಿ, ಆ ಖಾಲಿ ಕೊಳವೆಗಳನ್ನೂ ಮಾಡಿತು. ಫಲಿತಾಂಶ ಬಂದ ದಿನ ನಾನು ಮನಸ್ಸಿನಲ್ಲಿ ದೇವರಿಗೆ ಏನು ಬೇಡಿಕೊಂಡೆ ಎಂದು ಹೇಳಿದರೆ ಯಾವ ವಿಜ್ಞಾನಿಯೂ ಒಪ್ಪಲಿಕ್ಕಿಲ್ಲ. ಗೆರೆ ಚಪ್ಪಟೆ ಬರಲಿ ಎಂದು ಬೇಡಿಕೊಂಡೆ. ತಪ್ಪೆಲ್ಲ ನನ್ನ ಕೈಯದೇ ಆಗಿರಲಿ, ಸಮುದ್ರದಲ್ಲಿ ಏನೂ ಇಲ್ಲದಿರಲಿ.

ಎರಡು ಖಾಲಿ ಕೊಳವೆಗಳೂ ಚಪ್ಪಟೆಯಾಗಿದ್ದವು. ತತ್ತಿಗಳಲ್ಲಿ ಅದೇ ಜಾಗದಲ್ಲಿ ಏರು ಇತ್ತು. ಗೋಪುರವಲ್ಲ, ಸಣ್ಣ ದಿಬ್ಬ. ಆದರೆ ಇತ್ತು.

ನಯನಾ ಈ ಸಲ ಪೇಢಾ ತರಲಿಲ್ಲ. ಇಷ್ಟು ಕಡಿಮೆ ತತ್ತಿಗಳಿಂದ ಹಾರ್ಮೋನಿಗೆ ಏನಾಗಿದೆ ಎಂದು ಖಚಿತವಾಗಿ ಹೇಳಲಾಗದು, ತತ್ತಿಯಲ್ಲಿ ಆ ರಾಸಾಯನಿಕ ಇದೆ ಎಂದಷ್ಟೇ ಹೇಳಬಹುದು ಎಂದು ಅವಳು ತನ್ನ ಪ್ರಬಂಧದಲ್ಲಿ ಬರೆದಳು. ಆ ವಾಕ್ಯಕ್ಕೆ ಅವಳಿಗೆ ಪದವಿ ಸಿಕ್ಕಿತು. ನನಗೆ ಮಾತ್ರ ಆ ದಿಬ್ಬ ಬಹಳ ದಿನ ಕಣ್ಣಿಂದ ಹೋಗಲಿಲ್ಲ. ಮೊದಲ ಸಲ ಅತ್ತರು ತತ್ತಿಗೆ ಮುಟ್ಟಲು ನಾನು ರಿಕ್ಷಾ ಮಾಡಿಕೊಂಡು ಹೋಗಬೇಕಾಯಿತು. ಎರಡನೆಯ ಸಲ ಯಾರ ಕೈಯ ಗುರುತೂ ಇಲ್ಲದೆ ಅದು ತಾನೇ ತಲುಪಿತ್ತು.

ಮಂಗಲಾ ವೈನಿಗೆ ಇದನ್ನೆಲ್ಲ ಹೇಳಿದಾಗ ಅವರು ಮೊದಲು ಕೇಳಿದ್ದು, "ನಮ್ಮ ಮನೀ ಅತ್ತರ ಕೊಂಕಣಕ್ಕ ಹೋಗಿತ್ತೇನ್ರಿ?" ಎಂದು. ಇಲ್ಲ, ಪುಣೆಯ ನೀರು ಆ ಕಡೆ ಹೋಗುವುದಿಲ್ಲ, ಅಲ್ಲಿಗೆ ಬೇರೆ ಊರುಗಳ ನೀರು ಎಂದೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ. ಮರುವರ್ಷದಿಂದ ವಾಣಕ್ಕೆ ಸ್ಟೀಲಿನ ಬಟ್ಟಲು ಕೊಡಲು ಸುರು ಮಾಡಿದರು. ಅತ್ತರನ್ನು ಬಿಡಲಿಲ್ಲ, ಹಚ್ಚುವ ಮುಂಚೆ ನನ್ನನ್ನು ಒಂದು ಮಾತು ಕೇಳುತ್ತಾರೆ. ಹಬ್ಬ ಎಂದ ಮೇಲೆ ನಾನೂ ಕೈ ಒಡ್ಡುತ್ತೇನೆ. ನಾನೇನು ಸಂತಳಲ್ಲ.

ಮೊನ್ನೆ ಮನೆಗೆ ಮರಳಿ, ಸಂಜೆ ಪಾತ್ರೆ ತೊಳೆಯುತ್ತಿದ್ದಾಗ ಫೋನು ಬಂತು. ಪ್ರತಿ ರಥಸಪ್ತಮಿಯ ಹೊತ್ತಿಗೆ ಬರುತ್ತದೆ. ನಯನಾ ಈಗ ಆಂಧ್ರದ ಕರಾವಳಿಯಲ್ಲಿ, ಕೃಷ್ಣಾ ನದಿ ಸಮುದ್ರ ಸೇರುವ ಕಡೆ ಕೆಲಸದಲ್ಲಿದ್ದಾಳೆ. ಅಲ್ಲೂ ಅವಳಿಗೆ ಆಮೆಗಳೇ. ನಮಸ್ಕಾರವೂ ಇಲ್ಲ, ಕುಶಲವೂ ಇಲ್ಲ. ಅಂದು ಕ್ಯಾಂಟೀನಿನಲ್ಲಿ ಕೇಳಿದ್ದನ್ನೇ ಈಗ ನಗುತ್ತ ಕೇಳುತ್ತಾಳೆ.

"ಕೈ ತೊಳೆದ್ರಾ ಮೇಡಂ?"

"ತೊಳದೆ. ಮೂರು ಸಲ."

"ವಾಸನೆ ಹೋಯ್ತಾ?"

ನಾನು ನಲ್ಲಿ ನಿಲ್ಲಿಸಿದೆ. ಸಿಂಕಿನ ತೂತಿನಲ್ಲಿ ಕೊನೆಯ ನೀರು ಸುತ್ತಿ ಇಳಿಯುತ್ತಿತ್ತು. ಇಲ್ಲಿಂದ ಮೋರಿ, ಮೋರಿಯಿಂದ ಮುಠಾ, ಅಲ್ಲಿಂದ ಭೀಮಾ, ಭೀಮೆಯಿಂದ ಕೃಷ್ಣಾ.

"ಹೋತವಾ," ಎಂದೆ. "ನಿನ್ನ ಕಡೇನ ಬರಲಿಕತ್ತದ. ಮುಂದಿನ ವರ್ಷ ತತ್ತಿಯೊಳಗ ಸಿಕ್ಕರ ಹೇಳು."

ಆ ಕಡೆ ನಗು ನಿಂತಿತು. ಫೋನಿನಲ್ಲಿ ಅವಳ ಸಮುದ್ರದ ಸದ್ದು ನನಗೆ ಕೇಳುತ್ತಿತ್ತು.